ನಲವತ್ತನೆಯ ಹೆಸರು

ಮಾರ್ಚ್ 4, ಸೋಮವಾರ. ಬೆಳಗಿನ ಟೀ ಹೊತ್ತು.

ಹದಿನೇಳು ತೂಕದ ಮೆಷಿನ್ ಪರೀಕ್ಷೆ ಮಾಡಿ ಮುಗಿಸಿದೆ. ಎರಡು ವಾಪಸ್. ಇಪ್ಪತ್ತು ಕಿಲೋ ತೂಕದ ಬಟ್ಟು ಇಟ್ಟರೆ ಒಂದರ ಮುಳ್ಳು ಒಂದು ಗೆರೆ ಮುಂದೆ, ಇನ್ನೊಂದರದು ಒಂದು ಗೆರೆ ಹಿಂದೆ. ಕೆಂಪು ಚೀಟಿ ಅಂಟಿಸಿ ಪಕ್ಕದ ಬೆಂಚಿಗೆ ತಳ್ಳಿದೆ. ಪಕ್ಕದವಳು ಎಂದಿನಂತೆ ಮುಖ ಗಂಟು ಹಾಕಿಕೊಂಡಳು. ತೂಕದ ಯಂತ್ರದ ಡಯಲ್‌ಗೆ ಮುಳ್ಳು ಕೂರಿಸುವುದು ಅವಳ ಕೆಲಸ. ಮಾತೂ ಚುಚ್ಚುತ್ತದೆ. ಇಡೀ ಶೆಡ್ಡಿಗೇ ಅವಳು ಮುಳ್ಳಮ್ಮ.

"ತಪ್ಪು ಹುಡುಕೋಕೇ ನಿಮಗೆ ಸಂಬಳ ಕೊಡ್ತಾರೆ," ಅಂದಳು.

"ಹೌದಮ್ಮ. ಇಪ್ಪತ್ನಾಲ್ಕು ವರ್ಷದಿಂದ ಕೊಡ್ತಾನೇ ಇದ್ದಾರೆ," ಅಂದೆ.

ಬಲ ಭುಜ ಮತ್ತೆ ಹಿಡಿದುಕೊಂಡಿದೆ. ದಿನಕ್ಕೆ ಎಷ್ಟು ಸಲ ಆ ಬಟ್ಟು ಎತ್ತಿ ಇಳಿಸುತ್ತೇನೋ. ನೋಟಿಸ್ ಬೋರ್ಡಿನ ಮುಂದೆ ಗುಂಪು. ಏನೋ ಹೊಸ ಕಾಗದ. ಊಟದ ಹೊತ್ತಿಗೆ ನೋಡಿದರಾಯಿತು.

ಮಾರ್ಚ್ 7, ಗುರುವಾರ

ನೋಡಿದ್ದಾಯಿತು. ಮುಳ್ಳಿನ ಮೆಷಿನ್ ಇನ್ನು ಅರ್ಧ ಮಾತ್ರ ಮಾಡುತ್ತಾರಂತೆ. ಡಿಜಿಟಲ್ ಮೆಷಿನ್ ಬೇರೆಲ್ಲಿಂದಲೋ ಡಬ್ಬಿಯಲ್ಲಿ ತಯಾರಾಗಿ ಬರುತ್ತದೆ. ನಾವು ಲೇಬಲ್ ಅಂಟಿಸಿದರೆ ಸಾಕು. ನಲವತ್ತು ಜನ ಹೆಚ್ಚಂತೆ, ತೆಗೆಯುವವರ ಪಟ್ಟಿಯನ್ನೂ ಅಂಟಿಸಿದ್ದಾರೆ.

ಇವತ್ತು ಕ್ಯಾಂಟೀನಿನಲ್ಲಿ ಸಭೆ. ಯೂನಿಯನ್ ಲೀಡರನ್ನು ನಾವು ಮೈಕ್ ಅಂತ ಕರೆಯುವುದು. ಯಾಕೆಂದರೆ ಅವನಿಗೆ ಅದು ಬೇಕಾಗಿಲ್ಲ. ಬೆಂಚಿನ ಮೇಲೆ ಹತ್ತಿ ನಿಂತು ಹೇಳಿದ. ಕಾನೂನು ಹೀಗಿದೆ — ಕೊನೆಗೆ ಸೇರಿದವರು ಮೊದಲು ಹೋಗಬೇಕು. ಮೂರು ತಿಂಗಳ ನೋಟಿಸ್. ಆಮೇಲೆ ನಿರುದ್ಯೋಗ ನಿಧಿಯಿಂದ ಭತ್ಯೆ, ಸಂಬಳದ ಮುಕ್ಕಾಲು ಭಾಗ. ಹತ್ತು ವರ್ಷ ದಾಟಿದವರಿಗೆ ಹದಿನೆಂಟು ತಿಂಗಳು ಸಿಗುತ್ತದೆ. ಕಡಿಮೆ ಸರ್ವೀಸಿನವರಿಗೆ ಕಡಿಮೆ.

"ಹಳಬರು ಯಾರಾದ್ರೂ ಅವರಾಗೇ ಹೆಸರು ಕೊಟ್ರೆ, ಪಟ್ಟಿಯಿಂದ ಒಂದು ಹೆಸರು ಎತ್ತಬಹುದು. ನಲವತ್ತನೇ ಹೆಸರಿಂದ ಶುರು," ಅಂದ. ಹಳಬರೆಲ್ಲ ತಟ್ಟೆ ನೋಡಿಕೊಂಡು ಕೂತೆವು.

ನಲವತ್ತನೇ ಹೆಸರು ಮುಳ್ಳಮ್ಮನದು.

ಮಾರ್ಚ್ 10, ಭಾನುವಾರ

ತಂಗಿಯ ಫೋನ್. ಹದಿನೈದು ವರ್ಷದಿಂದ ಹೊರದೇಶದಲ್ಲಿದ್ದಾಳೆ. ದೊಡ್ಡ ಗೋದಾಮಿನಲ್ಲಿ ಪ್ಯಾಕಿಂಗ್. ನಮ್ಮ ಪಟ್ಟಿಯ ವಿಷಯ ಹೇಳಿದರೆ ನಕ್ಕಳು.

"ನನಗೆ ಮೊನ್ನೆ ಶುಕ್ರವಾರ ಮೆಸೇಜ್ ಬಂತು ಕಣೇ ಅಕ್ಕಾ. ನಾಳೆಯಿಂದ ಬರಬೇಡ ಅಂತ. ಅಷ್ಟೇ. ಒಂದು ನಮಸ್ಕಾರಾನೂ ಇಲ್ಲ."

"ಅಯ್ಯೋ. ಈಗ?"

"ಈಗೇನು, ಹುಡುಕ್ತಿದ್ದೀನಿ. ನಾಲ್ಕು ವರ್ಷದಲ್ಲಿ ಇದು ಮೂರನೇದು. ತಿಂಗಳೊಳಗೆ ಸಿಗುತ್ತೆ ಬಿಡು. ಇಲ್ಲಿ ತೆಗೆಯೋದೂ ಬೇಗ, ತಗೊಳ್ಳೋದೂ ಬೇಗ. ನಿಮ್ಮಲ್ಲಿ ತೆಗೆಯೋಕೆ ಮೂರು ತಿಂಗಳು, ಮತ್ತೆ ತಗೊಳ್ಳೋಕೆ ಮೂರು ವರ್ಷ."

ಅವಳ ಮಾತಿಗೆ ನಕ್ಕೆ. ಫೋನ್ ಇಟ್ಟ ಮೇಲೆ ನಗು ಬರಲಿಲ್ಲ.

ಮಾರ್ಚ್ 13, ಬುಧವಾರ

ಮುಳ್ಳಮ್ಮನ ಲೆಕ್ಕ ಮೈಕ್‌ನಿಂದ ತಿಳಿಯಿತು. ಮೂರು ವರ್ಷದಿಂದ ಇಲ್ಲಿದ್ದಾಳೆ, ನಿಜ. ಆದರೆ ಮೊದಲ ಎರಡು ವರ್ಷ ಕಾಂಟ್ರಾಕ್ಟರ್ ಕಡೆಯವಳು. ಅದೇ ಬೆಂಚು, ಅದೇ ಮುಳ್ಳು, ಅದೇ ಸಮವಸ್ತ್ರ. ಕಾಗದದ ಮೇಲೆ ಮಾತ್ರ ಬೇರೆಯವಳು. ಹಾಗಾಗಿ ಸರ್ವೀಸ್ ಒಂದೇ ವರ್ಷ. ಭತ್ಯೆ ನಾಲ್ಕು ತಿಂಗಳು. ಮನೆಯಲ್ಲಿ ಏಳು ವರ್ಷದ ಮಗಳು. ಬೇರೆ ಯಾರೂ ಇಲ್ಲ.

ಇವತ್ತು ಅವಳು ಒಂದು ಡಯಲ್‌ನ ಗಾಜನ್ನು ಒರೆಸುತ್ತಲೇ ಇದ್ದಳು. ಕ್ಲೀನಾಗಿತ್ತು. ಮತ್ತೆ ಒರೆಸಿದಳು. ಮತ್ತೆ. ನಾನು ಕೆಂಪು ಚೀಟಿ ಅಂಟಿಸಿದ ಮೆಷಿನ್ ತಳ್ಳಿದೆ. ತನ್ನ ಕಡೆ ಎಳೆದುಕೊಂಡು ಮತ್ತೆ ಗಾಜಿಗೆ ಕೈ ಹಾಕಿದಳು. ಬೈದಿದ್ದರೆ ಚೆನ್ನಾಗಿತ್ತು.

ಮಾರ್ಚ್ 15, ಶುಕ್ರವಾರ. ಸಂಜೆ 5.40

ಹೆಸರು ಕೊಟ್ಟುಬಿಟ್ಟೆ.

ಇದನ್ನು ಯಾರೂ ಓದುವುದಿಲ್ಲ. ಆದ್ದರಿಂದ ಸುಳ್ಳು ಬರೆಯುವ ಅಗತ್ಯವಿಲ್ಲ. ಒಳ್ಳೆಯತನ ಅಂತೇನೂ ಅಲ್ಲ. ಭುಜ ನೋವು ಒಂದು. ಮ್ಯಾನೇಜರ್ ಅಂದ ಮಾತು ಇನ್ನೊಂದು — "ಹಳಬರನ್ನ ಮುಟ್ಟೋ ಹಾಗಿಲ್ಲ, ಅದೇ ನಮ್ಮ ಕಷ್ಟ." ಅವನ ಕಷ್ಟ ನಾನು ಅಂತ ಕೇಳಿ ಮೈ ಉರಿಯಿತು. ಮತ್ತೆ ಒಂದಿಷ್ಟು ಜಂಬ. ಇಪ್ಪತ್ನಾಲ್ಕು ವರ್ಷದ ಕೈ ಇದು, ಎಲ್ಲಿ ಹೋದರೂ ಕರೆದು ಕೂರಿಸುತ್ತಾರೆ ಅಂತ. ಆ ಗಾಜು ಒರೆಸುವುದನ್ನು ನೋಡಲಾಗದ್ದೂ ಸೇರಿತ್ತು. ಎಲ್ಲ ಕಲಸಿಕೊಂಡಿತ್ತು.

ನಿಧಿಯ ಹದಿನೆಂಟು ತಿಂಗಳು ಇಲ್ಲದಿದ್ದರೆ ಕೊಡುತ್ತಿರಲಿಲ್ಲ. ಇದು ಖಂಡಿತ.

ಮೈಕ್ ಫಾರಂ ಮುಂದಿಟ್ಟುಕೊಂಡು ಎರಡು ಸಲ ಕೇಳಿದ. "ಅಕ್ಕ, ಸರಿಯಾಗಿ ಯೋಚನೆ ಮಾಡಿದ್ದೀರಾ?" ಮೊದಲ ಸಲ ಅವನ ದನಿ ಇಷ್ಟು ಸಣ್ಣಗೆ ಕೇಳಿದ್ದು. ಮುಳ್ಳಮ್ಮನಿಗೆ ಹೇಳಕೂಡದು ಅಂತ ಮಾತು ತೆಗೆದುಕೊಂಡೆ.

ಮನೆಗೆ ಬಂದು ಇವರಿಗೆ ಹೇಳಿದೆ. ಬಸ್ ಡ್ರೈವರ್ ನನ್ನ ಗಂಡ, ಏನೇ ಕೇಳಿದರೂ ಮೊದಲು ಬ್ರೇಕ್ ಹಾಕಿ ಆಮೇಲೆ ಮಾತು.

"ಸೈನ್ ಆಯ್ತಾ?"

"ಆಯ್ತು."

"ನನ್ನನ್ನ ಒಂದು ಮಾತು ಕೇಳಬಹುದಿತ್ತು," ಅಂದರು.

"ಕೇಳಿದ್ರೆ ಬೇಡ ಅಂತಿದ್ರಿ."

"ಬೇಡ ಅಂತಿರಲಿಲ್ಲ. ಆದ್ರೂ ಕೇಳಬಹುದಿತ್ತು."

ಹೌದು. ಕೇಳಬಹುದಿತ್ತು. ಬೈಯಲಿಲ್ಲ ಅವರು. ಬಿಸಿನೀರಿನ ಚೀಲ ತುಂಬಿಸಿ ತಂದು ಭುಜದ ಮೇಲಿಟ್ಟರು. ಈ ಮನುಷ್ಯನಿಗೆ ನಾನು ಎಂದೂ ಬಾಯಿಬಿಟ್ಟು ಥ್ಯಾಂಕ್ಸ್ ಹೇಳಿದ್ದಿಲ್ಲ. ಇಲ್ಲಿ ಬರೆದಿಟ್ಟಿದ್ದೇನೆ.

ಜೂನ್ 28, ಶುಕ್ರವಾರ

ಕೊನೆಯ ದಿನ. ಬಟ್ಟುಗಳನ್ನೆಲ್ಲ ಒರೆಸಿ, ಪೆಟ್ಟಿಗೆಯಲ್ಲಿ ಅದರದರ ಗುಳಿಯಲ್ಲಿ ಕೂರಿಸಿದೆ. ಐವತ್ತು ಗ್ರಾಮಿನದು ಕೈಯಲ್ಲೇ ಇತ್ತು ಸ್ವಲ್ಪ ಹೊತ್ತು. ಜೇಬಿಗೆ ಹಾಕಿಕೊಳ್ಳೋಣ ಅನ್ನಿಸಿತು. ಹಾಕಿಕೊಳ್ಳಲಿಲ್ಲ. ಇಪ್ಪತ್ನಾಲ್ಕು ವರ್ಷ ಬೇರೆಯವರ ತೂಕ ಸರಿ ಮಾಡಿ ಕೊನೆಯ ದಿನ ಕಳ್ಳಿ ಆಗುವುದೇ.

ಕ್ಯಾಂಟೀನಿನ ಅಡುಗೆಯಾಕೆ ಎರಡನೇ ಸಲ ಬಡಿಸಿದಳು. ಪೇಂಟ್ ವಿಭಾಗದವರು ಒಂದು ಕೊಡೆ ಕೊಟ್ಟರು, ಒಳ್ಳೆಯದು. ಎಲ್ಲರೂ ಬಂದು ಮಾತಾಡಿಸಿದರು. ಮುಳ್ಳಮ್ಮ ತಲೆ ಎತ್ತದೆ "ಹೋಗಿಬನ್ನಿ" ಅಂದಳು. ಅವಳ ಹೆಸರು ಪಟ್ಟಿಯಿಂದ ಹೋಗಿದ್ದು ಏನೋ ಲೆಕ್ಕದ ತಪ್ಪು ಸರಿಯಾದದ್ದರಿಂದ ಅಂತ ತಿಳಿದಿದ್ದಾಳೆ. ಇರಲಿ.

ಗೇಟಿನ ಹೊರಗೆ ಇವರ ಬಸ್ ನಿಂತಿತ್ತು. ಅದು ಇವರ ರೂಟೇ ಅಲ್ಲ. ಯಾರ ಜೊತೆಗೋ ಡ್ಯೂಟಿ ಬದಲಾಯಿಸಿಕೊಂಡಿದ್ದರು. ಟಿಕೆಟ್ ತೆಗೆದುಕೊಂಡೆ. ಮುಂದಿನ ಸೀಟಿನಲ್ಲಿ ಕೂತೆ. ಕನ್ನಡಿಯಲ್ಲಿ ಒಂದು ಸಲ ನೋಡಿದರು, ಅಷ್ಟೇ.

ಜುಲೈ 2, ಮಂಗಳವಾರ

ಉದ್ಯೋಗ ಕಚೇರಿ. ಟೋಕನ್ 61. ಹಸಿರು ಪ್ಲಾಸ್ಟಿಕ್ ಕುರ್ಚಿಗಳು, ಒಂದಕ್ಕೊಂದು ಬೋಲ್ಟ್ ಹಾಕಿದ್ದು. ಒಬ್ಬರು ಎದ್ದರೆ ಇಡೀ ಸಾಲು ಅಲ್ಲಾಡುತ್ತದೆ.

ನಾಲ್ಕನೇ ಕೌಂಟರ್. ಮೂವತ್ತೈದರ ಆಸುಪಾಸಿನ ಗುಮಾಸ್ತ. ವರ್ಷಪೂರ್ತಿ ನೆಗಡಿ ಇರುವವನ ಹಾಗೆ ಮೂಗು ಕೆಂಪಗೆ, ಪಕ್ಕದಲ್ಲಿ ಬಿಸಿನೀರಿನ ಫ್ಲಾಸ್ಕ್. ನನ್ನ ಕೆಲಸ ಅವರ ಕಂಪ್ಯೂಟರಿನ ಪಟ್ಟಿಯಲ್ಲಿಲ್ಲ. ವೆಲ್ಡರ್ ಇದೆ, ವಾಚ್‌ಮನ್ ಇದೆ, ತೂಕ ಪರೀಕ್ಷಕಿ ಇಲ್ಲ.

"ಇತರೆ ಅಂತ ಹಾಕ್ಲಾ?" ಅಂದರು.

ಅವರು ನನ್ನ ಮುಖ ನೋಡಿ, ಕೀಲಿಮಣೆಯಿಂದ ಕೈ ತೆಗೆದು, ಫಾರಂನ ಅಂಚಿನಲ್ಲಿ ಪೆನ್ನಿನಿಂದ ಬರೆದರು — ತೂಕ ಪರೀಕ್ಷೆ, 24 ವರ್ಷ. "ನನಗೆ ನೆನಪಿರಲಿ ಅಂತ," ಅಂದರು.

ಹದಿನೈದು ದಿನಕ್ಕೊಮ್ಮೆ ಬರಬೇಕು. ತಿಂಗಳಿಗೆ ಎಂಟು ಕಡೆ ಅರ್ಜಿ ಹಾಕಬೇಕು. ಹಾಕಿದ್ದಕ್ಕೆ ರುಜುವಾತು ತೋರಿಸಬೇಕು. ಭತ್ಯೆಯ ವಿಷಯ ಬಂದಾಗ ನನಗೆ ನಾಚಿಕೆಯಾಯಿತು. ಬಿಟ್ಟಿ ತಿನ್ನುವ ಹಾಗೆ. ಅದೂ ಅವರಿಗೆ ತಿಳಿಯಿತು.

"ಇದು ದಾನ ಅಲ್ಲ ಮೇಡಂ. ನಿಮ್ಮ ಸಂಬಳದಿಂದಲೇ ಹಿಡಿದಿದ್ದು. ಇಷ್ಟು ವರ್ಷ ನೀವು ಬೇರೆಯವರನ್ನ ಸಾಕಿದ್ರಿ. ಈಗ ಅವರ ಸರದಿ."

ಬಾಗಿಲ ಹತ್ತಿರ ನಿಂತು ಕಣ್ಣೊರೆಸಿಕೊಂಡೆ. ಎಂಥದ್ದಕ್ಕೆಲ್ಲ ಅಳು ಬರುತ್ತದೆ.

ಜುಲೈ 24, ಬುಧವಾರ

ಹನ್ನೊಂದು ಅರ್ಜಿ. ಒಂದಕ್ಕೆ ಕರೆ.

ರಟ್ಟಿನ ಪೆಟ್ಟಿಗೆ ಮಾಡುವ ಕಡೆ. ಮಾಲೀಕ ತಾನೇ ಟೀ ತಂದುಕೊಟ್ಟ. ಕೆಲಸ ಇದೆ, ನಾನು ಮಾಡಬಲ್ಲೆ, ಅವನಿಗೂ ಅದು ಗೊತ್ತಾಯಿತು. ಆದರೂ ಕುರ್ಚಿಯಲ್ಲಿ ಅತ್ತಿತ್ತ ಹೊರಳಿದ.

"ನೇರವಾಗಿ ಹೇಳ್ತೀನಮ್ಮ, ಬೇಜಾರು ಮಾಡ್ಕೋಬೇಡಿ. ಆರು ತಿಂಗಳು ಆದ್ರೆ ನೀವು ಪರ್ಮನೆಂಟು. ಆಮೇಲೆ ನನಗೆ ಆರ್ಡರ್ ಕಡಿಮೆ ಆಯ್ತು ಅಂದ್ರೆ ಮನೆಗೆ ಹೋಗಬೇಕಾದೋನು ನಾನು, ನೀವಲ್ಲ. ಅದಕ್ಕೇ ಹೆದರಿ ಎರಡು ವರ್ಷದಿಂದ ಒಬ್ಬರನ್ನೂ ತಗೊಂಡಿಲ್ಲ. ನಾನೂ ಹೆಂಡ್ತೀನೂ ರಾತ್ರಿಪಾಳಿ ಮಾಡ್ತೀವಿ."

ಕೆಟ್ಟವನಲ್ಲ. ಕಣ್ಣ ಕೆಳಗೆ ಕಪ್ಪಗಾಗಿತ್ತು. ಬಸ್ಸಿನಲ್ಲಿ ಕೂತು ಯೋಚಿಸಿದೆ. ನನಗೆ ಮೂರು ತಿಂಗಳ ನೋಟಿಸ್ ಕೊಡಿಸಿದ ಕಾನೂನೇ ಅವನ ಬಾಗಿಲನ್ನೂ ಮುಚ್ಚಿಸಿದೆ. ಒಳಗಿದ್ದಷ್ಟು ದಿನ ಆ ಬೇಲಿ ನನಗೆ ಕಂಡಿರಲೇ ಇಲ್ಲ.

ಆಗಸ್ಟ್ 4, ಭಾನುವಾರ

ತಂಗಿಗೆ ಮಾರ್ಚಿನಲ್ಲಿ ಕೆಲಸ ಹೋಗಿತ್ತಲ್ಲ, ಹನ್ನೊಂದೇ ದಿನಕ್ಕೆ ಬೇರೆ ಸಿಕ್ಕಿತ್ತು. ಮೀನು ಕತ್ತರಿಸುವ ಕಾರ್ಖಾನೆ. ನಾನು ಇಲ್ಲಿ ಅರ್ಜಿ ಬರೆದು ಬರೆದು ಸುಸ್ತಾಗಿದ್ದೇನೆ ಅಂತ ಹೊಟ್ಟೆಕಿಚ್ಚಿನಿಂದಲೇ ಅಂದೆ. ಅವಳು ನಗಲಿಲ್ಲ.

ಎಡಗೈ ಕುಯ್ದುಕೊಂಡಿದ್ದಾಳೆ. ಎರಡು ವಾರವಾಯಿತು. ನನಗೆ ಹೇಳಿರಲಿಲ್ಲ. ಹೊಲಿಗೆ ಹಾಕಿಸಿಕೊಂಡು ಮರುದಿನವೇ ಕೆಲಸಕ್ಕೆ ಹೋದಳಂತೆ, ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು.

"ರಜ ಹಾಕಬಾರದಿತ್ತಾ?"

"ರಜ ಹಾಕಿದ್ರೆ ಆ ಜಾಗಕ್ಕೆ ಇನ್ನೊಬ್ಬಳು ಬರ್ತಾಳೆ. ನಾನು ಹಂಗೇ ಬಂದಿದ್ದು, ಇನ್ನೊಬ್ಬಳ ಜಾಗಕ್ಕೆ." ಆಮೇಲೆ ಅಂದಳು, "ನಿನಗೆ ಹದಿನೆಂಟು ತಿಂಗಳು ಯೋಚನೆ ಮಾಡೋಕೆ ದುಡ್ಡು ಕೊಡ್ತಾರೆ ಅಕ್ಕಾ. ನನಗೆ ಯೋಚನೆ ಮಾಡೋಕೆ ಅಂತ ಸಿಗೋದು ಲಿಫ್ಟಲ್ಲಿ ಎರಡು ನಿಮಿಷ. ಸರಿಯಾಗಿ ಯೋಚನೆ ಮಾಡು."

ಮಾಡುತ್ತೇನೆ.

ಆಗಸ್ಟ್ 21, ಬುಧವಾರ

ಈ ತಿಂಗಳ ಎಂಟು ಅರ್ಜಿಗೂ ಕೆಲಸವಿಲ್ಲ. ಐದು ಕಡೆಯಿಂದ ಇಲ್ಲ ಅಂತಲೂ ಬರಲಿಲ್ಲ.

ಅಕ್ಟೋಬರ್ 17, ಗುರುವಾರ. ಮಧ್ಯಾಹ್ನ 4.15

ಎರಡು ತಿಂಗಳು ಏನೂ ಬರೆದಿಲ್ಲ. ಬರೆಯಲು ಏನಿತ್ತು. ಏಳುವುದು, ಇವರಿಗೆ ಡಬ್ಬಿ ಕಟ್ಟುವುದು, ಮತ್ತೆ ಮಲಗುವುದು. ಅರ್ಜಿಗಳನ್ನು ಕಣ್ಣುಮುಚ್ಚಿ ಕಳಿಸುವುದು. ಬಾಗಿಲು ತಟ್ಟಿದರೆ ಮನೆಯಲ್ಲಿ ಯಾರೂ ಇಲ್ಲದ ಹಾಗೆ ಕೂರುವುದು.

ಸೆಪ್ಟೆಂಬರಿನಲ್ಲಿ ಒಂದು ದಿನ ಮುಳ್ಳಮ್ಮನನ್ನು ಬಸ್ ಸ್ಟಾಪಿನಲ್ಲಿ ಕಂಡೆ. ಕಂಕುಳಲ್ಲಿ ಊಟದ ಚೀಲ, ಮಗಳ ಕೈ ಹಿಡಿದು ಬಿರಬಿರನೆ ನಡೆಯುತ್ತಿದ್ದಳು. ನಾನು ಅಂಗಡಿಯ ಒಳಗೆ ಸರಿದು ನಿಂತೆ. ಆ ಚೀಲದಲ್ಲಿ ನನ್ನ ಕೆಲಸ ಇದೆ ಅನ್ನಿಸಿತು. ಹೋಗಿ ಕಿತ್ತುಕೊಳ್ಳಬೇಕು ಅನ್ನಿಸಿತು. ಇದನ್ನು ಇವರಿಗೂ ಹೇಳಿಲ್ಲ.

ಇವತ್ತು ಕಚೇರಿಯ ದಿನ. ಹೋಗಲಿಲ್ಲ. ಹೋಗದಿದ್ದರೆ ಭತ್ಯೆ ನಿಲ್ಲುತ್ತದೆ, ಗೊತ್ತು. ಗೊತ್ತಿದ್ದೂ ಗೋಡೆ ನೋಡುತ್ತ ಮಲಗಿದ್ದೆ. ಮೂರು ಗಂಟೆಗೆ ಫೋನ್.

"ಮೇಡಂ, ನಾಲ್ಕನೇ ಕೌಂಟರ್. ಇವತ್ತು ನಿಮ್ಮ ದಿನ."

"ಮರೆತೆ ಸರ್."

"ಮರೆತ್ರಾ, ಮೈ ಹುಷಾರಿಲ್ವಾ?"

"ಮೈ ಚೆನ್ನಾಗಿದೆ. ಏಳೋಕಾಗಲಿಲ್ಲ."

ಸ್ವಲ್ಪ ಹೊತ್ತು ಮೂಗು ಸೀಟುವ ಸದ್ದು. "ವರ್ಷಕ್ಕೆ ಒಂದು ಸಲ ದಿನ ಬದಲಾಯಿಸಿಕೊಳ್ಳೋಕೆ ರೂಲ್ ಇದೆ. ಐದು ಗಂಟೆ ಒಳಗೆ ನೀವೇ ಕೇಳಬೇಕು. ಕೇಳಿ."

"ಏನಂತ ಕೇಳಲಿ?"

"ನಾಳೆ ಹತ್ತು ಗಂಟೆಗೆ ಬರಲಾ ಅಂತ."

"ನಾಳೆ ಹತ್ತು ಗಂಟೆಗೆ ಬರಲಾ ಸರ್?"

"ಬನ್ನಿ," ಅಂದರು.

ರೂಲ್ ಪುಸ್ತಕದಲ್ಲಿ ಇಂಥ ಒಂದು ಸಾಲು ಬರೆದಿಟ್ಟವರು ಯಾರೋ. ಅದನ್ನು ಹುಡುಕಿ ಫೋನ್ ಮಾಡಿದವರು ಇವರು. ಎದ್ದು ತಲೆ ಬಾಚಿಕೊಂಡೆ.

ಅಕ್ಟೋಬರ್ 18, ಶುಕ್ರವಾರ

ಹತ್ತಕ್ಕೆ ಐದು ನಿಮಿಷ ಮೊದಲೇ ಇದ್ದೆ. ಅರ್ಜಿಗಳ ಬಗ್ಗೆ ಕೇಳಲೇ ಇಲ್ಲ. ನನ್ನ ಫಾರಂ ತಿರುಗಿಸಿ ಅಂಚಿನಲ್ಲಿ ತಾವೇ ಬರೆದದ್ದನ್ನು ತೋರಿಸಿದರು.

"ತೂಕ ಸರಿಯಿದೆಯಾ ಅಂತ ನೋಡೋರು ಇನ್ನೆಲ್ಲಿ ಬೇಕಾಗ್ತಾರೆ ಅಂತ ಹುಡುಕ್ತಿದ್ದೆ. ಆಸ್ಪತ್ರೆ ಉಪಕರಣಗಳ ರಿಪೇರಿ ಕೋರ್ಸ್ ಇದೆ. ಹತ್ತು ವಾರ. ಫೀಸು ನಿಧಿ ಕೊಡುತ್ತೆ. ಭತ್ಯೆಯೂ ನಿಲ್ಲಲ್ಲ."

"ನನಗೆ ಐವತ್ತೊಂದು ಸರ್."

"ಫಾರಂನಲ್ಲೇ ಇದೆಯಲ್ಲ. ನಾನು ವಯಸ್ಸು ಕೇಳಲಿಲ್ಲ, ಸೋಮವಾರದಿಂದ ಬರ್ತೀರಾ ಅಂತ ಕೇಳಿದೆ."

ಅವರು ಹಾಗೇನೂ ಕೇಳಿರಲಿಲ್ಲ. ಆದರೂ ಹೂಂ ಅಂದೆ.

ಅಕ್ಟೋಬರ್ 27, ಭಾನುವಾರ. ಮಧ್ಯಾಹ್ನ 2

ಕೋರ್ಸಿನ ಮೊದಲ ವಾರ ಮುಗಿಯಿತು ಅಂತ ಬರೆಯಲು ಕೂತಿದ್ದೆ. ಬಾಗಿಲು ತಟ್ಟಿದರು. ಮುಳ್ಳಮ್ಮ. ಮುಖ ಕೆಂಡವಾಗಿತ್ತು. ಮೈಕ್ ಯಾವುದೋ ಮಾತಿನ ಭರದಲ್ಲಿ ಬಾಯಿಬಿಟ್ಟಿದ್ದಾನೆ. ಅವನ ಬಾಯಲ್ಲಿ ಗುಟ್ಟು ನಿಂತದ್ದೇ ಏಳು ತಿಂಗಳು, ಅದೇ ದೊಡ್ಡದು.

ಒಳಗೆ ಬಾ ಅಂದರೆ ಬರಲಿಲ್ಲ. ಹೊಸ್ತಿಲ ಆಚೆಯೇ ನಿಂತಳು.

"ನಿಮ್ಮನ್ನ ಯಾರು ಕೇಳಿದ್ರು?"

"ಯಾರೂ ಕೇಳಿಲ್ಲ."

"ಮತ್ತೆ ಯಾಕೆ? ಇನ್ನು ಮೇಲೆ ದಿನಾ ಬೆಂಚಿಗೆ ಹೋಗಿ ಕೂರೋವಾಗ ನಿಮ್ಮನ್ನ ನೆನೆಸಿಕೊಂಡು ಕೈ ಮುಗೀಬೇಕಾ ನಾನು? ನೀವು ಇಲ್ಲಿ ಕೆಲಸ ಇಲ್ಲದೆ ಕೂತಿದ್ದೀರ ಅಂತ ಗೊತ್ತಾದ ಮೇಲೆ ನನಗೆ ಊಟ ಇಳಿಯುತ್ತಾ?"

ನನಗೂ ಸಿಟ್ಟು ಬಂತು. "ನಿನಗೋಸ್ಕರ ಅಲ್ಲ. ನನಗೆ ಭುಜ ನೋವಿತ್ತು."

"ಸುಳ್ಳು."

"ಅರ್ಧ ಸುಳ್ಳು," ಅಂದೆ. "ನಿನಗೆ ಗೊತ್ತಾ, ಹೋದ ತಿಂಗಳು ಬಸ್ ಸ್ಟಾಪಲ್ಲಿ ನಿನ್ನ ನೋಡಿ ನಾನು ಅಂಗಡಿಯೊಳಗೆ ಅಡಗಿಕೊಂಡೆ. ಅಷ್ಟು ಹೊಟ್ಟೆ ಉರೀತು. ಹಾಗಾಗಿ ಕೈ ಏನೂ ಮುಗೀಬೇಡ. ನಾನು ಅಂಥ ದೊಡ್ಡ ಮನುಷ್ಯಳಲ್ಲ."

ಯಾಕೆ ಅದನ್ನು ಹೇಳಿದೆನೋ. ಹೇಳಿದ ಮೇಲೆ ಮೈ ಹಗುರಾಯಿತು. ಅವಳು ನನ್ನನ್ನೇ ನೋಡಿದಳು. ಸಿಟ್ಟು ಎಲ್ಲಿ ಇಡುವುದು ಅಂತ ತಿಳಿಯದವಳ ಹಾಗೆ. ಆಮೇಲೆ ಚಪ್ಪಲಿ ಬಿಟ್ಟು ಒಳಗೆ ಬಂದಳು.

ಇವರು ಟೀ ಮಾಡಿ ತಂದಿಟ್ಟು, ಸದ್ದಿಲ್ಲದೆ ಪೇಪರ್ ಹಿಡಿದು ಹಿತ್ತಿಲಿಗೆ ಹೋದರು.

"ನಿಮ್ಮ ಬೆಂಚಿಗೆ ಈಗ ನನ್ನನ್ನೇ ಕೂರಿಸಿದ್ದಾರೆ," ಅಂದಳು. "ಹದಿನಾಲ್ಕು ಮೆಷಿನ್ ಅಂಗಡಿಗಳಿಂದ ವಾಪಸ್ ಬಂದಿವೆ. ನಾನು ಪಾಸ್ ಮಾಡಿದ್ದೇ. ಇಲ್ಲಿ ಸರಿ ತೋರಿಸುತ್ತೆ, ಅಲ್ಲಿ ಹೋದ್ರೆ ತಪ್ಪು. ಯಾಕೆ ಅಂತ ತಲೆ ಕೆಟ್ಟುಹೋಗಿದೆ. ಹೇಳಿಕೊಡಿ."

ಇದಕ್ಕೇ ಬಂದದ್ದೋ, ಜಗಳಕ್ಕೇ ಬಂದದ್ದೋ. ಎರಡೂ ಇರಬೇಕು.

ಕೇಳಿದೆ — ಬಟ್ಟನ್ನು ತಟ್ಟೆಯ ನಡುವೆ ಇಡ್ತೀಯಾ? ಹೌದಂತೆ. ನಾಲ್ಕು ಮೂಲೆಗೂ ಇಟ್ಟು ನೋಡಿದ್ದೀಯಾ? ಇಲ್ಲ. ಅಲ್ಲೇ ಇತ್ತು. ಅಂಗಡಿಯವನು ನಡುವೆ ಹುಡುಕಿ ಇಡುವುದಿಲ್ಲ, ಕೈಗೆ ಬಂದ ಕಡೆ ಎಸೆಯುತ್ತಾನೆ. ಮೂಲೆಯಲ್ಲಿ ಮುಳ್ಳು ಓಡಿದರೆ ತಳದಲ್ಲಿ ತಟ್ಟೆ ಹೊರುವ ಸನ್ನೆಕೋಲು ಓರೆಯಾಗಿದೆ ಅಂತ ಅರ್ಥ. ಟೀ ತಟ್ಟೆ ಮಗುಚಿ, ನಾಣ್ಯ ಇಟ್ಟು ತೋರಿಸಿದೆ. ಅವಳು ಬಗ್ಗಿ ನೋಡಿದಳು. ಒಂದೂವರೆ ಗಂಟೆ. ಕೇಳಿದ್ದನ್ನೇ ಮೂರು ಸಲ ಕೇಳಿದಳು, ನಾನು ಮೂರು ಸಲವೂ ಹೇಳಿದೆ. ತಿಂಗಳುಗಳ ಮೇಲೆ ನನಗೆ ಏನೋ ಗೊತ್ತಿದೆ ಅನ್ನಿಸಿತು.

ಹೊರಡುವಾಗ ಚಪ್ಪಲಿ ಮೆಟ್ಟುತ್ತ, "ಇದನ್ನ ಮೊದಲೇ ಹೇಳಿಕೊಟ್ಟಿದ್ರೆ ಅಷ್ಟು ಕೆಂಪು ಚೀಟಿ ಅಂಟಿಸೋದು ಬೇಕಿರಲಿಲ್ಲ," ಅಂದಳು.

ಚುಚ್ಚದೆ ಹೋದರೆ ಅವಳಲ್ಲ.

ನವೆಂಬರ್ 19, ಮಂಗಳವಾರ

ಕ್ಲಾಸಿನಲ್ಲಿ ನಾನೇ ಹಿರಿಯಳು. ಸರ್ಕ್ಯೂಟ್ ಚಿತ್ರ ಮೊದಲು ಇರುವೆ ಸಾಲಿನ ಹಾಗೆ ಕಾಣುತ್ತಿತ್ತು. ಈಗ ಇರುವೆ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಅಂತ ಗೊತ್ತಾಗುತ್ತದೆ. ಪಕ್ಕದಲ್ಲಿ ಕೂರುವುದು ಮುಚ್ಚಿಹೋದ ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದ ಕಂಪೋಸಿಟರ್, ನಲವತ್ತೆಂಟರವರು. ಕನ್ನಡಕ ಮರೆತು ಬಂದ ದಿನ ನನ್ನದನ್ನು ಕೇಳುತ್ತಾರೆ. ಒಂದು ಕನ್ನಡಕದಲ್ಲಿ ಇಬ್ಬರೂ ಒಂದು ಫ್ಯೂಸ್ ಹುಡುಕಿದೆವು.

ಇವರು ಡ್ಯೂಟಿ ಮುಗಿಸಿ ಬಂದು ನನ್ನ ಪಾಠ ಒಪ್ಪಿಸಿಕೊಳ್ಳುತ್ತಾರೆ. ಅವರಿಗೆ ಒಂದಕ್ಷರ ಅರ್ಥವಾಗುವುದಿಲ್ಲ. "ಸರಿ, ಮುಂದೆ," ಅಂತ ಮಾತ್ರ ಠೀವಿಯಿಂದ ಹೇಳುತ್ತಾರೆ.

ಡಿಸೆಂಬರ್ 8, ಭಾನುವಾರ

ಎರಡು ಸುದ್ದಿ.

ತಂಗಿಯ ಕೈ ಗುಣವಾಗಿದೆ, ಕಿರುಬೆರಳು ಪೂರ್ತಿ ಮಡಚುವುದಿಲ್ಲ. ಅವರ ಕಾರ್ಖಾನೆಯಲ್ಲಿ ಗುಟ್ಟಾಗಿ ಸಹಿ ಸಂಗ್ರಹ ನಡೆದಿದೆ, ಯೂನಿಯನ್ ಕಟ್ಟಲು. ಗಾಯವಾದರೆ ರಜ, ತೆಗೆಯುವ ಮೊದಲು ಹದಿನೈದು ದಿನದ ನೋಟಿಸ್, ಇಷ್ಟೇ ಬೇಡಿಕೆ. "ನಿಮ್ಮ ಮೈಕ್‌ನ ಒಂದು ಮಾತು ಕೇಳಬಹುದಾ ಅಕ್ಕಾ, ಹೇಗೆ ಶುರು ಮಾಡೋದು ಅಂತ?" ಮೈಕ್‌ನನ್ನು ಮನೆಗೇ ಕರೆಸಿ ಫೋನ್ ಕೊಟ್ಟೆ. ಒಂದು ಗಂಟೆ ಮಾತಾಡಿದ. ಫೋನ್ ಇಲ್ಲದಿದ್ದರೂ ಅವಳಿಗೆ ಕೇಳುತ್ತಿತ್ತೇನೋ. ಕೊನೆಗೆ ಒಂದು ಮಾತು ಅಂದ: "ನಮ್ಮದರಲ್ಲೂ ತಪ್ಪಿದೆ ತಂಗಿ. ಒಳಗಿರೋರನ್ನ ಕಾಪಾಡಿದ್ವಿ, ಬಾಗಿಲಲ್ಲಿ ನಿಂತೋರನ್ನ ಮರೆತ್ವಿ. ನೀವು ಮೊದಲೇ ಎಲ್ಲರನ್ನೂ ಸೇರಿಸಿಕೊಳ್ಳಿ."

ಯಾರು ಕಲಿಸಿದರು ಇವನಿಗೆ ಇದನ್ನು? ಎರಡನೇ ಸುದ್ದಿಯಲ್ಲಿ ಉತ್ತರ. ಮುಳ್ಳಮ್ಮ ಕಮಿಟಿಗೆ ನಿಂತು ಗೆದ್ದಿದ್ದಾಳೆ. ಕಾಂಟ್ರಾಕ್ಟಿನಲ್ಲಿ ದುಡಿದ ವರ್ಷಗಳೂ ಸರ್ವೀಸಿಗೆ ಸೇರಬೇಕು ಅಂತ ಹಿಡಿದ ಪಟ್ಟು ಬಿಟ್ಟಿಲ್ಲ. ಹಳಬರು ಗೊಣಗಿದರಂತೆ. ಒಬ್ಬೊಬ್ಬರ ಬೆಂಚಿಗೂ ಹೋಗಿ ಚುಚ್ಚಿದ್ದಾಳೆ. ಮೊನ್ನೆ ಕಂಪನಿ ಒಪ್ಪಿ ಸಹಿ ಹಾಕಿತು. ಅರವತ್ತೆರಡು ಜನರ ಸರ್ವೀಸ್ ಒಂದೇ ದಿನ ಉದ್ದವಾಯಿತು.

ನಾನು ಇಪ್ಪತ್ನಾಲ್ಕು ವರ್ಷ ಅಲ್ಲಿದ್ದೆ. ಆ ಪ್ರಶ್ನೆಯನ್ನು ಒಂದು ದಿನವೂ ಕೇಳಲಿಲ್ಲ.

ಜನವರಿ 13, ಸೋಮವಾರ

ದೊಡ್ಡಾಸ್ಪತ್ರೆಯ ಉಪಕರಣ ವಿಭಾಗ, ನೆಲಮಾಳಿಗೆ. ಅಲ್ಲಿಯ ಮುಖ್ಯಸ್ಥೆ, ಎಲ್ಲರೂ ಚೀಫ್ ಅನ್ನುತ್ತಾರೆ. ಕುರುಚಲು ಬಿಳಿ ಕೂದಲು, ಮಾತು ಕಡಿಮೆ. ಸಂದರ್ಶನ ಹತ್ತೇ ನಿಮಿಷ.

"ಐವತ್ತು ದಾಟಿದವರನ್ನ ತಗೊಂಡ್ರೆ ಮೊದಲ ಆರು ತಿಂಗಳು ಅರ್ಧ ಸಂಬಳ ನಿಧಿ ಕೊಡುತ್ತೆ. ಅದಿಲ್ಲದಿದ್ರೆ ನಿಮ್ಮನ್ನ ಕರೀತಿರಲಿಲ್ಲ. ಸುಳ್ಳು ಹೇಳಲ್ಲ," ಅಂದರು.

"ಆ ನಿಧಿ ಇಲ್ಲದಿದ್ರೆ ನಾನೂ ಇಲ್ಲಿಗೆ ಬರೋಷ್ಟು ಕಲಿತಿರಲಿಲ್ಲ ಮೇಡಂ," ಅಂದೆ.

ತುಟಿಯ ಒಂದು ಕೊನೆ ಮಾತ್ರ ನಕ್ಕಿತು. "ಆರು ತಿಂಗಳು ನೋಡ್ತೀನಿ. ಆಮೇಲೆ ಪರ್ಮನೆಂಟ್ ಮಾಡೋಕೆ ನನಗೂ ಭಯ ಇರುತ್ತೆ. ಆ ಭಯ ಹೋಗಲಾಡಿಸೋದು ನಿಮ್ಮ ಕೆಲಸ."

ಫೆಬ್ರವರಿ ಮೂರಕ್ಕೆ ಬರಬೇಕು.

ಕಚೇರಿಗೆ ಹೋಗಿ ನಾಲ್ಕನೇ ಕೌಂಟರಿನವರಿಗೆ ಹೇಳಿದೆ. ಸ್ಕ್ರೀನಿನಲ್ಲಿ ನನ್ನ ಫೈಲ್ ಮುಚ್ಚುವ ಮೊದಲು ಒಂದು ಗಳಿಗೆ ಕೈ ತಡೆದರು. "ತಿಂಗಳಿಗೆ ಇಂಥ ಫೈಲು ನನಗೆ ಮೂರೋ ನಾಲ್ಕೋ ಸಿಗುತ್ತೆ ಮೇಡಂ. ಸ್ವಲ್ಪ ನಿಧಾನಕ್ಕೆ ಮುಚ್ತೀನಿ," ಅಂದರು. ಹಿಂದೆ ಟೋಕನ್ ಹಿಡಿದವರು ಕಾಯುತ್ತಿದ್ದರು. ಕೈ ಕುಲುಕಿ ಎದ್ದೆ. ಇಡೀ ಕುರ್ಚಿ ಸಾಲು ಅಲ್ಲಾಡಿತು.

ಫೆಬ್ರವರಿ 6, ಗುರುವಾರ. ಮಧ್ಯಾಹ್ನ 1.20

ನಾಲ್ಕನೇ ದಿನ. ನೆಲಮಾಳಿಗೆಯಲ್ಲಿ ಕೂತು ಊಟದ ಡಬ್ಬಿಯ ಪಕ್ಕ ಬರೆಯುತ್ತಿದ್ದೇನೆ.

ಬೆಳಗ್ಗೆ ಡಯಾಲಿಸಿಸ್ ವಾರ್ಡಿಗೆ ಕಳಿಸಿದರು. ಅಲ್ಲಿ ರೋಗಿಗಳನ್ನು ಮೆಷಿನ್‌ಗೆ ಹಾಕುವ ಮೊದಲು ತೂಗುತ್ತಾರೆ, ಆದ ಮೇಲೂ ತೂಗುತ್ತಾರೆ. ಮೈಯಿಂದ ಎಷ್ಟು ನೀರು ತೆಗೆಯಬೇಕು ಅನ್ನುವುದು ಆ ತೂಕದ ಮೇಲೆ. ಅರ್ಧ ಕಿಲೋ ತಪ್ಪಾದರೂ ರೋಗಿಗೆ ತಲೆಸುತ್ತು, ಕಾಲು ಸೆಳೆತ. ನಿಂತು ತೂಗುವ ಯಂತ್ರ ಒಂದು ಮೂಲೆಯಲ್ಲಿ ನಾನೂರು ಗ್ರಾಂ ಹೆಚ್ಚು ತೋರಿಸುತ್ತಿತ್ತು. ಎಷ್ಟು ದಿನದಿಂದಲೋ. ತಳ ಬಿಚ್ಚಿ, ಸರಿ ಮಾಡಿ, ಐದು ಕಡೆ ಬಟ್ಟು ಇಟ್ಟು ನೋಡಿದೆ. ಮತ್ತೊಮ್ಮೆ ನೋಡಿದೆ.

ಎದ್ದು ನಿಲ್ಲುವಷ್ಟರಲ್ಲಿ ಒಬ್ಬರು ಹಿರಿಯರು ಕಾಯುತ್ತಿದ್ದರು, ಗೋಡೆ ಹಿಡಿದುಕೊಂಡು. ವಾರಕ್ಕೆ ಮೂರು ಸಲ ಬರುವವರಂತೆ. ಯಂತ್ರ ನೋಡಿದರು, ನನ್ನನ್ನು ನೋಡಿದರು.

"ಇದನ್ನ ನಂಬಬಹುದೇನಮ್ಮ?"

"ನಂಬಿ. ನಾನು ನೋಡಿದ್ದೀನಿ," ಅಂದೆ.

ಅವರು ಇನ್ನೇನೂ ಕೇಳಲಿಲ್ಲ. ನನ್ನ ಭುಜ ಹಿಡಿದುಕೊಂಡು ಒಂದೊಂದೇ ಕಾಲಿಟ್ಟು ಹತ್ತಿ, ಕೈ ಬಿಟ್ಟು ನೆಟ್ಟಗೆ ನಿಂತರು. ಅಂಕಿ ನಿಲ್ಲುವವರೆಗೆ ಇಬ್ಬರೂ ಅದನ್ನೇ ನೋಡುತ್ತಿದ್ದೆವು. ನರ್ಸ್ ಬರೆದುಕೊಂಡಳು. ಇಳಿಯುವಾಗ ಅವರು ಹೇಳಿದ ಮಾತು ಬರೆದಿಡಬೇಕು, ಅವರು ಅಂದದ್ದು —

ಚೀಫ್ ಕರೆಯುತ್ತಿದ್ದಾರೆ, ಐದನೇ ವಾರ್ಡಿನಲ್ಲಿ ಯಾವುದೋ ಮೆಷಿನ್ ತಪ್ಪು ತೋರಿಸುತ್ತಿದೆಯಂತೆ. ಉಳಿದದ್ದು ಆಮೇಲೆ.